ಸಾಯಂಕಾಲದ ನೂಲು

ಶಿಡ್ಲಘಟ್ಟ, ಹೊರಡುವ ಮುನ್ನ

ವಿಮಾನಗಳ ಕೆಲಸದಲ್ಲಿ ಹತ್ತು ವರ್ಷ ಕಳೆದಿದ್ದರೂ ನಾನು ಇಂಗ್ಲೆಂಡಿಗೆ ಹೊರಡುವವರೆಗೆ ಒಂದೇ ಒಂದು ವಿಮಾನವನ್ನೂ ಹತ್ತಿರಲಿಲ್ಲ. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ನಮ್ಮ ಶಿಡ್ಲಘಟ್ಟದಲ್ಲಿ ದಿನವಿಡೀ ರೇಷ್ಮೆ ನೂಲು ತೆಗೆಯುವ ಹೆಂಗಸರಲ್ಲಿ ಎಷ್ಟು ಜನ ರೇಷ್ಮೆ ಸೀರೆ ಉಟ್ಟಿದ್ದಾರೆ, ನೀವೇ ಹೇಳಿ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಬೆಂಗಳೂರಿನ ಒಂದು ಕಚೇರಿಯಲ್ಲಿ ನನಗೆ ಕೆಲಸ. ಹೊಸ ವಿಮಾನ ಹಾರಲು ಯೋಗ್ಯ ಎಂದು ಪ್ರಮಾಣಪತ್ರ ಕೊಡುವ ಮುನ್ನ ಅದರ ಒಂದೊಂದು ಭಾಗವನ್ನೂ ಕೆದಕಿ ನೋಡುವುದು ನಮ್ಮ ಕಚೇರಿಯ ಕಾಯಕ. ಹಿಂದೆ ಪೈಲಟ್ ಕೈಯಲ್ಲಿನ ಕೋಲಿಗೂ ರೆಕ್ಕೆ, ಬಾಲದ ಪಟ್ಟಿಗಳಿಗೂ ನಡುವೆ ಸರಳು, ತಂತಿ ಇರುತ್ತಿದ್ದವು. ನಮ್ಮ ಹೊಸ ತರಬೇತಿ ವಿಮಾನದಲ್ಲಿ ಅದನ್ನೆಲ್ಲ ತೆಗೆದುಹಾಕಿ ನಡುವೆ ಕಂಪ್ಯೂಟರ್ ಕೂರಿಸಿದ್ದರು. ಪೈಲಟ್ ಕೋಲು ಎಳೆದರೆ ಅದು ಕಂಪ್ಯೂಟರಿಗೆ ಒಂದು ಕೋರಿಕೆ, ಅಷ್ಟೇ. ಬಾಲವನ್ನು ಎಷ್ಟು ಅಲ್ಲಾಡಿಸಬೇಕೆಂದು ತೀರ್ಮಾನಿಸುವುದು ಒಳಗಿನ ಪ್ರೋಗ್ರಾಂ. ಆ ಪ್ರೋಗ್ರಾಂ ಬರೆದವರು ಇಂಗ್ಲೆಂಡಿನವರು. ಅವರ ಪರೀಕ್ಷೆಗಳಿಗೆ ಸಾಕ್ಷಿಯಾಗಿ ಕೂತು ಹಾಳೆ ಹಾಳೆಗೂ ಸಹಿ ಹಾಕಿ ಬರಲು ನನ್ನನ್ನು ಆರು ವಾರಕ್ಕೆ ಕಳಿಸಿದರು.

ಮೊದಲ ಸಲ ಆ ವಿಮಾನ ಹಾರಿಸಬೇಕಾಗಿದ್ದವರು ವಿಂಗ್ ಕಮಾಂಡರ್ ನಾಣಯ್ಯ. ಕೊಡಗಿನವರು, ಎತ್ತರದ ಆಳು. ನಾನು ಹೊರಡುವ ಹಿಂದಿನ ವಾರ ನನ್ನ ಮೇಜಿನ ಮುಂದೆ ಬಂದು ನಿಂತರು.

"ನೋಡೀಮ್ಮ, ನನಗೆ ಪ್ರೋಗ್ರಾಂ ಓದೋಕೆ ಬರಲ್ಲ. ನೀವು ಸಹಿ ಹಾಕಿದ್ರೆ ನಾನು ಹತ್ತಿ ಕೂತ್ಕೋತೀನಿ. ಹಾಕದಿದ್ರೆ ಇಲ್ಲ. ನನಗೂ ಎರಡು ಮಕ್ಕಳಿವೆ."

ನಗುತ್ತಲೇ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ.

ಆಗಿನ್ನೂ ಚಿಕ್ಕ ರೈಲು ಓಡುತ್ತಿತ್ತು. ಯಲಹಂಕದಿಂದ ಚಿಕ್ಕಬಳ್ಳಾಪುರದ ಮೇಲೆ ಶಿಡ್ಲಘಟ್ಟಕ್ಕೆ, ಅಲ್ಲಿಂದ ಚಿಂತಾಮಣಿಗೆ. ಇಳಿದು ಪಕ್ಕದಲ್ಲಿ ನಡೆದರೂ ಬಿಟ್ಟು ಹೋಗದಂಥ ಸಭ್ಯ ರೈಲು ಅದು. ಅದರಲ್ಲೇ ಊರಿಗೆ ಹೋಗಿ ಬಂದೆ. ಅಬ್ಬ, ಅಂದರೆ ನನ್ನ ತಂದೆ, ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ತಮ್ಮ ರೀಲಿಂಗ್ ಶೆಡ್ಡಿನಲ್ಲಿದ್ದರು. ಬೆಂದ ಗೂಡಿನ ಆ ವಾಸನೆ ಹೊಸಬರಿಗೆ ಹೊಟ್ಟೆ ತೊಳಸುವಂಥದ್ದು. ನನಗೆ ಅದೇ ಮನೆಯ ವಾಸನೆ. ಅಂದು ಕೆಲಸ ಕೇಳಿಕೊಂಡು ಹೊಸ ಹೆಂಗಸೊಬ್ಬಳು ಬಂದಿದ್ದಳು. ಬೆಳಿಗ್ಗೆಯಿಂದ ತೆಗೆದ ನೂಲನ್ನು ತೋರಿಸಲು ಕಾಯುತ್ತಿದ್ದಳು.

"ಈಗ ಬೇಡಮ್ಮ, ಸಾಯಂಕಾಲ ನೋಡ್ತೀನಿ" ಎಂದರು ಅಬ್ಬ. ಅವರದು ಹಳೆಯ ಪದ್ಧತಿ, ನಾನು ಗಮನ ಕೊಡಲಿಲ್ಲ. ಹಿರಿಯರ ಮಾತಿಗೆ ನಾವು ಯಾವತ್ತು ಗಮನ ಕೊಟ್ಟಿದ್ದೇವೆ!

"ರಂಜಾನ್ ಅಲ್ಲೇ ಶುರುವಾಗುತ್ತಲ್ಲ, ಪ್ರಯಾಣದಲ್ಲಿ ರೋಜಾ ಉಪವಾಸ ಬಿಟ್ಟರೆ ತಪ್ಪಿಲ್ಲ ಕಣಮ್ಮ" ಎಂದರು ನನ್ನ ಕಡೆ ತಿರುಗಿ.

"ಆರು ವಾರ ಒಂದೇ ಕಡೆ ಕೂತಿರೋದಕ್ಕೆ ಪ್ರಯಾಣ ಅಂತಾರಾ ಅಬ್ಬ? ಹಿಡೀತೀನಿ. ಈದ್‌ಗೆ ಬಂದ್ಬಿಡ್ತೀನಿ."

"ಬರ್ತೀಯಾ?"

"ಖಂಡಿತ ಬರ್ತೀನಿ."

ಅಮ್ಮಿ ಒಂದು ಲಡಿ ರೇಷ್ಮೆ ನೂಲನ್ನು ಕಾಗದದಲ್ಲಿ ಸುತ್ತಿ, ಅಲ್ಲಿ ಯಾರಾದರೂ ಒಳ್ಳೆಯವರು ಸಿಕ್ಕರೆ ಕೊಡು ಎಂದು ಕೈಚೀಲದಲ್ಲಿಟ್ಟಳು.

ಇಳಿದ ಊರು

ಇಂಗ್ಲೆಂಡಿನ ಉತ್ತರದಲ್ಲಿ, ಕೆಂಪು ಇಟ್ಟಿಗೆಯ ಊರು. ಮುಚ್ಚಿಹೋದ ಗಿರಣಿಗಳ ಚಿಮಣಿಗಳು ಹೊಗೆಯಿಲ್ಲದೆ ಸುಮ್ಮನೆ ನಿಂತಿದ್ದವು. ನಾನು ಇಳಿದೆ, ನನ್ನ ಸೂಟ್‌ಕೇಸ್ ಇಳಿಯಲಿಲ್ಲ. ಅದಕ್ಕೆ ಬೇರೆ ಯಾವುದೋ ದೇಶ ನೋಡುವ ಆಸೆಯಾಗಿ ಮೂರು ದಿನ ಸುತ್ತಾಡಿಕೊಂಡು ಬಂತು. ಅಲ್ಲಿಯವರೆಗೆ ಮನೆಯೊಡತಿ ಡೋರೀನ್ ಎಂಬಾಕೆಯ ಕಂದು ಸ್ವೆಟರೇ ಗತಿ. ಆಕೆ ಎಪ್ಪತ್ತರ ಆಸುಪಾಸಿನ ವಿಧವೆ, ನನ್ನ ಎರಡರಷ್ಟು ಅಗಲ. ಮೊದಲ ದಿನದ ಸಭೆಗೆ ಆ ಸ್ವೆಟರಿನ ತೋಳುಗಳನ್ನು ನಾಲ್ಕು ಮಡಿಕೆ ಮಡಚಿಕೊಂಡು ಭಾರತ ಸರ್ಕಾರದ ಪ್ರತಿನಿಧಿಯಾಗಿ ಹೋದೆ.

ಅಲ್ಲಿಯ ಜನ ಹವಾಮಾನದ ಬಗ್ಗೆ ಮಾತಾಡುತ್ತಾರೆಂದು ಕೇಳಿದ್ದೆ. ಆದರೆ ಇಷ್ಟೊಂದು ಎಂದುಕೊಂಡಿರಲಿಲ್ಲ. ನಮ್ಮಲ್ಲಿ ಎದುರಾದವರು "ಊಟ ಆಯ್ತಾ?" ಎನ್ನುತ್ತಾರೆ, ಅವರು "ಮೋಡ ಆಯ್ತಾ?" ಎನ್ನುವಂತೆ ಆಕಾಶ ನೋಡುತ್ತಾರೆ. ಎರಡಕ್ಕೂ ಉತ್ತರ ಯಾರಿಗೂ ಬೇಕಿಲ್ಲ.

ಹಾರದ ವಿಮಾನ

ಪರೀಕ್ಷೆ ನಡೆಯುತ್ತಿದ್ದದ್ದು ಒಂದು ದೊಡ್ಡ ಶೆಡ್ಡಿನಲ್ಲಿ. ಒಳಗೆ ವಿಮಾನವಿರಲಿಲ್ಲ, ವಿಮಾನದ ಮೂಳೆಗಳಿದ್ದವು. ಕಬ್ಬಿಣದ ಚೌಕಟ್ಟು, ಅದಕ್ಕೆ ಜೋಡಿಸಿದ ನಿಜವಾದ ಬಾಲದ ಪಟ್ಟಿಗಳು, ಎಣ್ಣೆಯ ಕೊಳವೆಗಳು, ಪೈಲಟ್ ಸೀಟು, ಕೋಲು. ಮಧ್ಯೆ ಒಂದು ಪೆಟ್ಟಿಗೆಯಲ್ಲಿ ನಾಲ್ಕು ಕಂಪ್ಯೂಟರ್. ನಾಲ್ಕೂ ಒಂದೇ ಲೆಕ್ಕ ಮಾಡುತ್ತವೆ. ಒಂದು ತಪ್ಪು ಹೇಳಿದರೆ ಉಳಿದ ಮೂರು ಸೇರಿ ಅದನ್ನು ಪಂಕ್ತಿಯಿಂದ ಎಬ್ಬಿಸುತ್ತವೆ. ಕೇಳಲು ಚೆನ್ನಾಗಿದೆ. ಆದರೆ ನಾಲ್ಕರಲ್ಲಿಯೂ ಇರುವುದು ಒಂದೇ ಪ್ರೋಗ್ರಾಂ. ನಾಲ್ವರೂ ಒಂದೇ ಮೇಷ್ಟರ ಹತ್ತಿರ ತಪ್ಪು ಮಗ್ಗಿ ಕಲಿತಿದ್ದರೆ ಯಾರು ಯಾರನ್ನು ಎಬ್ಬಿಸುವುದು? ನನ್ನ ಭಯ ಅದೊಂದೇ.

ಪರೀಕ್ಷೆಗಳ ಮುಖ್ಯಸ್ಥ ಡೆರೆಕ್. ಐವತ್ತು ದಾಟಿದ ಶಾಂತ ಮನುಷ್ಯ, ಜೇಬಿನಲ್ಲಿ ಸದಾ ಎರಡು ಪೆನ್ಸಿಲ್. ನೂರಾರು ಪರೀಕ್ಷೆಗಳನ್ನು ಆತ ಪುಸ್ತಕವಾಗಿ ಬರೆದಿಟ್ಟಿದ್ದ. ಹೀಗೆ ಮಾಡಿದರೆ ಹೀಗಾಗಬೇಕು, ಆಯಿತೇ? ಆಗಿದ್ದರೆ ಟಿಕ್ಕು, ಅವನ ಸಹಿ, ನನ್ನ ಸಹಿ. ಅವನ ಶಿಸ್ತು ನೋಡಿ ಹೊಟ್ಟೆಕಿಚ್ಚಾಯಿತು. ನಮ್ಮ ಕಚೇರಿಯಲ್ಲಿ ಪೆನ್ಸಿಲ್ ಹುಡುಕುವುದೇ ಅರ್ಧ ದಿನದ ಕೆಲಸ.

ಇನ್ನೊಂದು ಶಿಸ್ತು ಚಹಾದ್ದು. ಹತ್ತೂವರೆಗೆ ಚಹಾ, ಒಂದು ಗಂಟೆಗೆ ಊಟ, ಮೂರೂವರೆಗೆ ಮತ್ತೆ ಚಹಾ. ಆ ಹೊತ್ತಿಗೆ ಕತ್ತಿನ ಮೇಲೆ ಕತ್ತಿ ಇಟ್ಟರೂ ಕೆಲಸ ನಿಲ್ಲುತ್ತಿತ್ತು. ಪಂಪುಗಳ ಗದ್ದಲ ಕಿವಿ ಒಡೆಯುವಷ್ಟು. ಹಾಗಾಗಿ ಎದ್ದುಹೋಗುವಾಗ ಇಡೀ ಯಂತ್ರವನ್ನು ಆಫ್ ಮಾಡಿ ಹೋಗುವುದು ರೂಢಿ. ಬಂದು ಮತ್ತೆ ಆನ್. "ಕೋಣೆಯಿಂದ ಹೊರಗೆ ಹೋಗುವಾಗ ದೀಪ ಆರಿಸುವ ಹಾಗೆ" ಎಂದ ಡೆರೆಕ್. ಮನೆಯಲ್ಲಿ ಅಮ್ಮಿಯೂ ಇದನ್ನೇ ಹೇಳಿಕೊಟ್ಟಿದ್ದಳು. ಹಾಗಾಗಿ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ರೋಜಾ ಮತ್ತು ಚಹಾ

ಎರಡನೇ ವಾರ ರಂಜಾನ್ ಶುರುವಾಯಿತು. ಹಗಲೆಲ್ಲ ಒಂದು ತೊಟ್ಟು ನೀರೂ ಕುಡಿಯುವುದಿಲ್ಲ ಎಂದಾಗ ಡೆರೆಕ್ ಮುಖ ನೋಡಬೇಕಿತ್ತು.

"ಚಹಾನೂ ಇಲ್ಲವೇ?"

"ಚಹಾನೂ ಇಲ್ಲ."

"ಎಷ್ಟು ದಿನ?"

"ಒಂದು ತಿಂಗಳು."

ಪಾಪ, ಯಾರೋ ತೀರಿಕೊಂಡ ಸುದ್ದಿ ಕೇಳಿದವನ ಹಾಗೆ ಕುರ್ಚಿಯಲ್ಲಿ ಕೂತುಬಿಟ್ಟ.

ಅವರು ಚಹಾಕ್ಕೆ ಹೋದಾಗ ನಾನು ಆಫ್ ಆದ ಯಂತ್ರದ ಪಕ್ಕ ಕೂತು ಊರನ್ನು ನೆನೆಯುತ್ತಿದ್ದೆ. ಸಂಜೆ ಗೂಡಿನ ಮಾರುಕಟ್ಟೆ ಬಳಿಯ ರಸ್ತೆಯಲ್ಲಿ ಈಗ ಸಮೋಸ ಕರಿಯುತ್ತಿರುತ್ತಾರೆ. ಅಬ್ಬ ಶೆಡ್ಡಿನಿಂದ ಬಂದು ಕೈ ತೊಳೆದು, ಖರ್ಜೂರದ ತಟ್ಟೆಯ ಮುಂದೆ ಅಜಾನಿಗೆ ಕಿವಿಗೊಟ್ಟು ಕೂತಿರುತ್ತಾರೆ. ಇಲ್ಲಿ ಅಜಾನ್ ಎಲ್ಲಿಂದ ಬರಬೇಕು? ಪತ್ರಿಕೆಯಲ್ಲಿ ಹಾಕುವ ಸೂರ್ಯಾಸ್ತದ ಸಮಯ ನೋಡಿ, ಡೋರೀನ್ ಅಡಿಗೆಮನೆಯಿಂದ "ಹುಂ, ಮುಳುಗಿದ!" ಎಂದು ಕೂಗುತ್ತಿದ್ದಳು. ನಾನು ಖರ್ಜೂರ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಆಕೆಯೂ ಒಂದು ಹಾಕಿಕೊಳ್ಳುತ್ತಿದ್ದಳು, ಏನೂ ಉಪವಾಸ ಮಾಡದೆಯೇ. ಇವತ್ತೂ ಆ ಕೂಗು ನೆನೆಸಿಕೊಂಡರೆ ಕಣ್ಣು ತುಂಬುತ್ತದೆ.

ಆ ಗುರುವಾರ

ನಾನು ಹಸಿದು ಕೂತಿರುವಾಗ ತಾವು ಬಿಸ್ಕತ್ತು ಮೆಲ್ಲುವುದು ಅವರಿಗೆ ಕಸಿವಿಸಿಯಾಗುತ್ತಿತ್ತು. ಮೂರನೇ ವಾರದ ಗುರುವಾರ ಡೆರೆಕ್ ಒಂದು ಏರ್ಪಾಟು ಮಾಡಿದ. ಇವತ್ತು ಚಹಾ ಬೇಡ, ಊಟವೂ ತಡವಾಗಲಿ, ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಒಂದೇ ಉಸಿರಿಗೆ ಮುಗಿಸೋಣ, ಶಾಹೀನ, ಅಂದರೆ ನಾನು, ಬೇಗ ಮನೆಗೆ ಹೋಗಿ ವಿಶ್ರಾಂತಿ ತೆಗೆದುಕೊಳ್ಳಲಿ. ಚಹಾ ಬಿಟ್ಟರು ನನಗೋಸ್ಕರ! ಆ ದೇಶದಲ್ಲಿ ಇದಕ್ಕಿಂತ ದೊಡ್ಡ ತ್ಯಾಗ ಇರಲಾರದು.

ಮಧ್ಯಾಹ್ನ ಹನ್ನೆರಡು ದಾಟಿತ್ತು. ಅವನ ತಂಡದವನೊಬ್ಬ ಪೈಲಟ್ ಸೀಟಿನಲ್ಲಿ ಕೂತು ಕೋಲನ್ನು ನಿಧಾನ ಎಳೆಯುತ್ತಿದ್ದ. ಬಾಲದ ಪಟ್ಟಿ ಅವನ ಕೈಗೆ ತಕ್ಕ ಹಾಗೆ ಏಳುತ್ತಿತ್ತು. ಇದ್ದಕ್ಕಿದ್ದಂತೆ ಧಡ್ ಎಂದು ನಡುವಿಗೆ ಬಂದು ಬಿದ್ದು ನಿಂತುಬಿಟ್ಟಿತು. ಅವನು ಕೋಲನ್ನು ಎಳೆದ, ತಳ್ಳಿದ. ಊಹೂಂ. ನಾಲ್ಕೂ ಕಂಪ್ಯೂಟರ್‌ಗಳ ಕೆಂಪು ದೀಪಗಳು ಒಟ್ಟಿಗೆ ಹತ್ತಿದ್ದವು.

ಆ ಸೀಟಿನಲ್ಲಿ ನನಗೆ ಕಂಡದ್ದು ನಾಣಯ್ಯ.

ಡೆರೆಕ್ ಆಫ್ ಮಾಡಿ ಆನ್ ಮಾಡಿದ. ಎಲ್ಲ ಸರಿ. ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದರು, ಸರಿಯಾಗಿ ಬಂತು. ಶುಕ್ರವಾರ ಹತ್ತು ಸಲ ಮಾಡಿದರು, ಹತ್ತು ಸಲವೂ ಸರಿ. "ಶೆಡ್ಡಿನ ವೈರಿಂಗ್ ದೋಷ ಇರಬೇಕು" ಎಂದು ಬರೆದು ಹಾಳೆ ನನ್ನ ಮುಂದಿಟ್ಟರು. ಪುಸ್ತಕದ ಪ್ರಕಾರ ಪರೀಕ್ಷೆ ಪಾಸಾಗಿತ್ತು. ಟಿಕ್ಕೂ ಇತ್ತು, ಡೆರೆಕ್ ಸಹಿಯೂ ಇತ್ತು. ನನ್ನ ಜಾಗ ಮಾತ್ರ ಖಾಲಿ.

"ಸೋಮವಾರ ಹಾಕುತ್ತೇನೆ" ಎಂದೆ. ಸುದ್ದಿ ಬೆಂಗಳೂರಿಗೆ ಹೋಯಿತು. ನಮ್ಮ ಕಚೇರಿಯ ಸಾಹೇಬರ ಫೋನು ಬಂತು.

"ಏನ್ರೀ ಶಾಹೀನಾ, ಹನ್ನೊಂದು ಸಲ ಸರಿ ಬಂದಿದೆ ಅಂತಾರೆ. ಇನ್ನೇನ್ರೀ ಬೇಕು ನಿಮಗೆ? ಸಹಿ ಹಾಕಿ ಬನ್ನಿ. ಇಲ್ಲಿ ವಿಮಾನ ಕಾಯ್ತಾ ಇದೆ."

"ಒಂದು ಸಲ ನಿಂತಿದೆ ಸಾರ್."

"ಕಾರಣ ಹೇಳಿ ಹಾಗಾದ್ರೆ."

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅನ್ನೋದನ್ನ ನಾನು ಮೇಲಿನವರಿಗೆ ಹೇಗ್ರೀ ಹೇಳ್ಲಿ?"

ಅವರ ಮಾತೂ ನ್ಯಾಯವೇ. ಸಹಿ ಹಾಕಿದರೆ ನೆಟ್ಟಗೆ ಈದ್‌ಗೆ ಊರು ಸೇರಬಹುದು. ಹಾಕದಿದ್ದರೆ, ಕಾರಣವಿಲ್ಲದೆ ಹಟ ಹಿಡಿದ ಹೆಂಗಸು ಎನಿಸಿಕೊಳ್ಳಬೇಕು. ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಡೋರೀನ್ ಅಡಿಗೆಮನೆ

ಭಾನುವಾರ ಎದ್ದು ಬಂದಾಗ ಅಡಿಗೆಮನೆಯ ಗೋಡೆ ಗಡಿಯಾರ ಒಂದು ಗಂಟೆ ಮುಂದಿತ್ತು. ಪಾಪ, ಮುದುಕಿಗೆ ಗೊತ್ತಾಗಿಲ್ಲ ಎಂದು ಕುರ್ಚಿ ಹತ್ತಿ, ನನ್ನ ಕೈಗಡಿಯಾರ ನೋಡಿ ಸರಿಪಡಿಸಿದೆ. ಉಪಕಾರ ಮಾಡಿದ ಸಂತೋಷದಲ್ಲಿ ಹೇಳುವುದನ್ನೂ ಮರೆತೆ.

ಅಂದು ಮಧ್ಯಾಹ್ನ ಅಮ್ಮಿ ಕೊಟ್ಟ ನೂಲಿನ ಲಡಿಯ ನೆನಪಾಗಿ ಡೋರೀನ್ ಕೈಗಿಟ್ಟೆ. ಆಕೆ ಬೆಳಕಿಗೆ ಹಿಡಿದು ನೋಡಿದಳು. ಬೆರಳ ನಡುವೆ ಒಂದು ಎಳೆ ಹೊಸೆದಳು. ಆಮೇಲೆ ಪಟ್ಟನೆ ಎಳೆ ಹರಿದು, ಒಂದೇ ಕೈಯ ಎರಡು ಬೆರಳಲ್ಲಿ ಗಂಟು ಹಾಕಿಬಿಟ್ಟಳು. ಕಣ್ಣು ಮಿಟುಕಿಸುವಷ್ಟರಲ್ಲಿ! ನಮ್ಮ ಶೆಡ್ಡಿನ ಹೆಂಗಸರ ಗಂಟೇ ಅದು.

"ಇದನ್ನೆಲ್ಲಿ ಕಲಿತಿರಿ?"

ಕಿಟಕಿಯಾಚೆಯ ಚಿಮಣಿಯ ಕಡೆ ಗದ್ದ ಎತ್ತಿದಳು. "ಅಲ್ಲೇ. ಹದಿನಾಲ್ಕು ತುಂಬಿದಾಗ ಸೇರಿದೆ, ಮುಚ್ಚುವವರೆಗೆ ಇದ್ದೆ. ರೇಷ್ಮೆ ನೂಲು ಸುತ್ತುವ ಕೆಲಸ. ಬೆಳಿಗ್ಗೆ ಮಹಾರಾಣಿಯ ಕೆಲಸ. ಮಧ್ಯಾಹ್ನ ಮೂರಾದ ಮೇಲೆ ನೋಡಬೇಕಿತ್ತು, ಯಂತ್ರ ಬಿಸಿಯಾಗಿ ಎಳೆ ಹರಿಯೋದು, ಗಂಟು ಹಾಕಿ ಹಾಕಿ ಬೆರಳು ರಕ್ತ. ಸೂಪರ್‌ವೈಸರ್ ಬೆಳಿಗ್ಗೆಯೇ ಬಂದು ಎಲ್ಲ ಸರಿಯಿದೆ ಅಂತ ಬರೆದುಕೊಂಡು ಹೋಗುತ್ತಿದ್ದ. ದಡ್ಡ!"

ನಾನು ಕೂತಲ್ಲೇ ಕಲ್ಲಾದೆ. ಅಬ್ಬ ಆ ಹೊಸ ಹೆಂಗಸಿಗೆ ಹೇಳಿದ ಮಾತು! ಈಗ ಬೇಡಮ್ಮ, ಸಾಯಂಕಾಲ ನೋಡ್ತೀನಿ.

ಬೆಳಿಗ್ಗೆ ಗೂಡು ಹಾಕಿದ ಬೇಸಿನ್ನಿನ ನೀರು ತಿಳಿಯಾಗಿರುತ್ತದೆ, ಯಾರು ತೆಗೆದರೂ ನೂಲು ಬೆಳ್ಳಗೆ ಬರುತ್ತದೆ. ಹೊತ್ತು ಏರಿದಂತೆ ಗೂಡಿನ ಅಂಟೆಲ್ಲ ನೀರಿಗೆ ಬಿಟ್ಟು ಚಹಾದ ಬಣ್ಣವಾಗುತ್ತದೆ, ಕೈ ಸೋಲುತ್ತದೆ. ಕಸುಬು ಗೊತ್ತಿರುವವರು ಯಾರು, ಇಲ್ಲದವರು ಯಾರು ಎಂದು ಆಗ ತಿಳಿಯುತ್ತದೆ. ಅದಕ್ಕೇ ಅಬ್ಬ ಬೆಳಗಿನ ನೂಲನ್ನು ಕೈಯಲ್ಲೂ ಮುಟ್ಟುತ್ತಿರಲಿಲ್ಲ.

ಡೆರೆಕ್ ಪುಸ್ತಕದ ನೂರಾರು ಪರೀಕ್ಷೆಗಳೂ ಬೆಳಗಿನ ನೂಲು! ಚಹಾಕ್ಕೊಮ್ಮೆ, ಊಟಕ್ಕೊಮ್ಮೆ ಯಂತ್ರವನ್ನು ಆರಿಸಿ ಹಚ್ಚಿ, ಮೂರು ಗಂಟೆ ಕೂಡ ಒಂದೇ ಸಮ ಓಡಲು ಬಿಟ್ಟಿರಲಿಲ್ಲ. ಗುರುವಾರ ಮಾತ್ರ, ನನ್ನ ಮೇಲಿನ ಮರುಕಕ್ಕೆ, ನಾಲ್ಕು ಗಂಟೆಗೂ ಮೇಲೆ ಓಡಿತ್ತು. ನಮ್ಮಲ್ಲಿ ತರಬೇತಿ ವಿಮಾನ ಹೇಗೆ ಓಡುತ್ತದೆ? ಒಬ್ಬ ಇಳಿದರೆ ಇನ್ನೊಬ್ಬ ಹತ್ತುತ್ತಾನೆ, ನಡುವೆ ಬಿಸಿಲಲ್ಲಿ ಸರದಿಗೆ ಕಾಯುತ್ತದೆ, ಯಾರೂ ಆಫ್ ಮಾಡುವುದಿಲ್ಲ.

ಡೋರೀನ್‌ಳನ್ನು ತಬ್ಬಿಕೊಂಡೆ. ಯಾಕೆಂದು ಆಕೆಗೆ ತಿಳಿಯಲಿಲ್ಲ, ಆದರೂ ಬೆನ್ನು ತಟ್ಟಿದಳು.

ಸೋಮವಾರ

ಒಂಬತ್ತಕ್ಕೆ ಸರಿಯಾಗಿ ಹೋದೆ. ಅಲ್ಲಿ ಹತ್ತಾಗಿತ್ತು. ಚಳಿಗಾಲ ಮುಗಿದ ಮೇಲೆ ಒಂದು ಭಾನುವಾರ ಇಡೀ ದೇಶವೇ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತದೆಂದು ನನಗೆ ಯಾರು ಹೇಳಿದ್ದರು? ಡೋರೀನ್ ಸರಿಯಾಗಿ ತಿರುಗಿಸಿಟ್ಟಿದ್ದನ್ನು ನಾನು ಕುರ್ಚಿ ಹತ್ತಿ ಕೆಡಿಸಿದ್ದೆ. ಪಾಪ, ಆಕೆಗೂ ಅಂದು ದಂತವೈದ್ಯರ ಸರದಿ ತಪ್ಪಿತು. ಮೇಜಿನ ಸುತ್ತ ಎಲ್ಲರೂ ಮುಖ ಗಂಟು ಹಾಕಿಕೊಂಡು ಕೂತಿದ್ದರು. ಸಹಿ ಹಾಕಲು ಇಷ್ಟವಿಲ್ಲದೆ ತಪ್ಪಿಸಿಕೊಂಡಿದ್ದೇನೆ ಎಂದುಕೊಂಡಿದ್ದರು.

"ಡೆರೆಕ್, ಒಂದೇ ಒಂದು ಕೋರಿಕೆ. ಇವತ್ತು ಚಹಾಕ್ಕೆ ಆಫ್ ಮಾಡಬೇಡಿ. ಊಟಕ್ಕೂ. ಒಬ್ಬೊಬ್ಬರಾಗಿ ಹೋಗಿಬನ್ನಿ. ನಾನಂತೂ ಎಲ್ಲಿಗೂ ಹೋಗುವವಳಲ್ಲ."

"ಯಾಕೆ?"

ಬೇಸಿನ್, ನೀರು, ಅಬ್ಬ, ಸಾಯಂಕಾಲದ ನೂಲು, ಎಲ್ಲ ಹೇಳಿದೆ. ಇಬ್ಬರು ನಕ್ಕರು. ಡೆರೆಕ್ ನಗಲಿಲ್ಲ. ಪೆನ್ಸಿಲ್ ಹೊರತೆಗೆದು ಏನೋ ಗೀಚಿದ, ಎದ್ದುಹೋಗಿ ಯಂತ್ರ ಆನ್ ಮಾಡಿದ.

ಎರಡು ಗಂಟೆಯಾಯಿತು. ಏನೂ ಆಗದಿದ್ದರೆ ಮಾನ ಹೋಯಿತು, ಏನಾದರೂ ಆದರೆ ಹಬ್ಬ ತಪ್ಪಿತು. ಯಾವುದಾಗಲಿ ಎಂದು ದುವಾ ಮಾಡಬೇಕೋ ತಿಳಿಯದೆ ಗಡಿಯಾರ ನೋಡುತ್ತ ಕೂತೆ.

ಎರಡೂವರೆಗೆ ಧಡ್! ನಾಲ್ಕು ಕೆಂಪು ದೀಪ. ಡೆರೆಕ್ ಗುರುವಾರದ ದಾಖಲೆ ತೆಗೆದು ಲೆಕ್ಕ ಹಾಕಿದ. ಆನ್ ಮಾಡಿದ ಕ್ಷಣದಿಂದ ಸೆಕೆಂಡು ತಪ್ಪದೆ ಅಷ್ಟೇ ಹೊತ್ತು. ಪ್ರೋಗ್ರಾಂ ಒಳಗೆ ಹೊತ್ತು ಎಣಿಸುವ ಒಂದು ಅಂಕಿ ಇತ್ತು. ಅದಕ್ಕೆ ಕೊಟ್ಟ ಜಾಗ ತುಂಬಿದ ಕೂಡಲೇ ಸೊನ್ನೆಗೆ ಉರುಳುತ್ತಿತ್ತು. ಆ ಗಳಿಗೆಯಲ್ಲಿ ಹೊತ್ತು ಹಿಂದಕ್ಕೆ ಓಡಿತೆಂದು ನಾಲ್ಕೂ ಕಂಪ್ಯೂಟರ್‌ಗಳು ಒಟ್ಟಿಗೆ ಗಾಬರಿಬಿದ್ದು ಕೈಚೆಲ್ಲುತ್ತಿದ್ದವು.

ಅವನ ಮುಖ ಬಿಳಿಚಿಕೊಂಡಿತ್ತು. "ಹನ್ನೊಂದು ವರ್ಷ ಇಂಥ ಯಂತ್ರಗಳ ಮುಂದೆ ಕೂತಿದ್ದೇನೆ. ಪ್ರತಿ ದಿನ ಚಹಾಕ್ಕೆ ನಾನೇ ಆಫ್ ಮಾಡಿದ್ದೇನೆ" ಎಂದ. ತಪ್ಪು ಅವನೊಬ್ಬನದಾಗಿರಲಿಲ್ಲ, ನಾನೂ ಮೂರು ವಾರ ಪಕ್ಕದಲ್ಲೇ ಕೂತು ಸಹಿ ಹಾಕಿದ್ದೆ.

ಈದ್

ಸರಿಪಡಿಸಿ ಎಲ್ಲವನ್ನೂ ಮತ್ತೆ ಪರೀಕ್ಷಿಸಲು ಇನ್ನೊಂದು ತಿಂಗಳು ಬೇಕಾಯಿತು. ಸಾಹೇಬರು ಫೋನಿನಲ್ಲಿ "ಇರಿ, ನೋಡ್ಕೊಂಡೇ ಬನ್ನಿ" ಎಂದರು. ಊರಿನ ಅಂಗಡಿಯೊಂದಕ್ಕೆ ಫೋನ್ ಮಾಡಿ ಅಬ್ಬನನ್ನು ಕರೆಸಿದೆ. ಸಾಯಂಕಾಲದ ನೂಲಿನ ಕತೆ ಹೇಳಿದೆ, ಹಬ್ಬಕ್ಕೆ ಬರಲಾಗುವುದಿಲ್ಲ ಎಂದು ಹೇಳಲು ಹೋಗಿ ಅತ್ತುಬಿಟ್ಟೆ. ತಂತಿಯಲ್ಲಿ ಗೊರಗೊರ ಸದ್ದು, ಯಾರದೋ ಸೈಕಲ್ ಬೆಲ್ಲು. "ಕೆಲಸ ಮುಗಿಸ್ಕೊಂಡು ಬಾಮ್ಮ" ಎಂದಷ್ಟೇ ಕೇಳಿತು.

ಹಬ್ಬದ ದಿನ ಡೋರೀನ್ ಮನೆಯಲ್ಲಿ ಶಾವಿಗೆ ಕಾಯಿಸಿದೆ. ಶಾವಿಗೆ ಸಿಗದೆ ಸಪೂರ ನೂಡಲ್ಸ್ ಹಾಕಿದ್ದೆ, ಗಂಜಿಯಾಯಿತು. ಡೆರೆಕ್ ಎರಡು ಬಟ್ಟಲು ತಿಂದ. ಇಷ್ಟವಾಗಿ ತಿಂದನೋ ಪ್ರಾಯಶ್ಚಿತ್ತಕ್ಕೆ ತಿಂದನೋ, ಕೇಳಲಿಲ್ಲ.

ಕೊನೆಯ ದಿನ ಬೆಳಿಗ್ಗೆಯಿಂದ ರಾತ್ರಿಯವರೆಗೆ ಯಂತ್ರ ಓಡಿತು. ಒಬ್ಬೊಬ್ಬರಾಗಿ ಹೋಗಿ ಚಹಾ ಕುಡಿದು ಬಂದರು. ಕೆಂಪು ದೀಪ ಹತ್ತಲಿಲ್ಲ. ಹಾಳೆಯ ತಲೆಯಲ್ಲಿ ಡೆರೆಕ್ ಪೆನ್ಸಿಲಿನಲ್ಲಿ "ಶಿಡ್ಲಘಟ್ಟ ಪರೀಕ್ಷೆ" ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ನಾನು ಸಹಿ ಹಾಕಿದೆ.

ವಾಪಸು

ಚಿಕ್ಕ ರೈಲು ಇಳಿದು ನೇರ ಶೆಡ್ಡಿಗೆ ಹೋದೆ. ಅಬ್ಬ ಲಂಡನ್ ಹೇಗಿದೆ ಎಂದು ಕೇಳಲಿಲ್ಲ.

"ಸಾಯಂಕಾಲದ ತನಕ ನೋಡಿದ್ಯಾ?"

"ನೋಡ್ದೆ ಅಬ್ಬ."

"ಹಂಗಾದ್ರೆ ಸರಿ. ಕೈ ತೊಳ್ಕೊ, ಅಮ್ಮಿ ನಿನ್ನ ಪಾಲಿನ ಶಾವಿಗೆ ಕಾಯಿಸದೆ ಹಾಗೇ ಇಟ್ಟವ್ಳೆ."

ಈಗ ಆ ರೈಲಿಲ್ಲ, ಆ ಶೆಡ್ಡಿಲ್ಲ, ಅಬ್ಬನೂ ಇಲ್ಲ. ಆ ಬೆಂದ ಗೂಡಿನ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ನಿಂತಲ್ಲೇ ನಿಲ್ಲುತ್ತೇನೆ.

ವಿಮಾನ ಮೊದಲು ಹಾರಿದ ದಿನದ ಮಾತು ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಕಂಪ್ಯೂಟರ್‌ಗಳನ್ನು ಆನ್ ಮಾಡಿದರು. ಏನೇನೋ ಅಡಚಣೆ, ಬಿಸಿಲಲ್ಲಿ ಎರಡು ಗಂಟೆ ಕಾದರು. ನಾಣಯ್ಯ ಹತ್ತಿ ಕೂತರು, ಹಾರಿದರು, ಇಳಿದರು. ಮತ್ತೆ ಕಾದರು, ಮತ್ತೆ ಹಾರಿದರು. ಅಷ್ಟು ಹೊತ್ತಿಗೆ ಕಂಪ್ಯೂಟರ್ ಆನ್ ಮಾಡಿ ನಾಲ್ಕು ಗಂಟೆ ದಾಟುತ್ತಿತ್ತು. ನಾನು ಕೈಗಡಿಯಾರವನ್ನು ಬಿಚ್ಚಿ ಬ್ಯಾಗಿನಲ್ಲಿಟ್ಟು ಆಕಾಶ ನೋಡುತ್ತ ನಿಂತೆ.

ಇಳಿದು ಬಂದವರು ಬೆವರು ಒರೆಸಿಕೊಂಡು, "ಏನಮ್ಮ, ಒಂದು ಲೋಟ ಟೀ ಸಿಗುತ್ತಾ?" ಎಂದರು.

ತಂದುಕೊಟ್ಟೆ. "ಸಾರ್, ಕಂಪ್ಯೂಟರ್ ಆಫ್ ಮಾಡಿದ್ರಾ?"

"ಇಲ್ಲಮ್ಮ, ಇನ್ನೊಂದು ರೌಂಡ್ ಇದೆ. ಓಡ್ತಾ ಇರಲಿ ಬಿಡಿ" ಎಂದು, ವಿಮಾನದ ನೆರಳಲ್ಲಿ ನಿಂತು ನಿಧಾನವಾಗಿ ಟೀ ಕುಡಿದರು.